ದ್ವೀಪದಲ್ಲಿ ಹಸಿದವನು: ‘ಹ್ಯೂಮಂಗಸ್’ ಚಿತ್ರವನ್ನು ಕುರಿತು

ಮಾನ್ಯರೆ,

ವಿಹಾರಕ್ಕೆ ಹೊರಟ ಐದಾರು ಮಂದಿ ಹುಡುಗ ಹುಡುಗಿಯರು, ದಾರಿಯಲ್ಲಿ ಮುಳುಗುವ ದೋಣಿ, ಜನವಸತಿಯಿಲ್ಲದ ದ್ವೀಪ, ಕತ್ತಲಲ್ಲಿ ಅಡಗಿರುವ ಕೊಲೆಗಾರ. ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಸ್ಲ್ಯಾಶರ್ ಬಗೆಯ ನಾಲ್ಕು ಚಿತ್ರಗಳನ್ನು ನೋಡಿದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳಿಬಿಡುತ್ತಾರೆ. ಪಾಲ್ ಲಿಂಚ್ ನಿರ್ದೇಶಿಸಿದ, 1982ರಲ್ಲಿ ತೆರೆಕಂಡ ಕೆನಡಾದ ‘ಹ್ಯೂಮಂಗಸ್’ ಚಿತ್ರವೂ ಮೇಲ್ನೋಟಕ್ಕೆ ಇಷ್ಟೇ. ಇದನ್ನು ಮಹತ್ವದ ಕೃತಿಯೆಂದು ವಾದಿಸುವುದು ನನ್ನ ಉದ್ದೇಶವಲ್ಲ; ಹಾಗೆ ವಾದಿಸಿದರೆ ಚಿತ್ರವೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಆದರೆ ಈ ಅಗ್ಗದ ಚಿತ್ರದ ಒಳಗೆ ಒಂದು ಗಟ್ಟಿಯಾದ ಕಲ್ಪನೆ ಇದೆ: ಆ ದ್ವೀಪದಲ್ಲಿ ನಿಜವಾಗಿ ಸಿಕ್ಕಿಬಿದ್ದವರು ಹುಡುಗರಲ್ಲ, ಅವರನ್ನು ಕೊಲ್ಲುವವನು. ಚಿತ್ರ ಈ ಕಲ್ಪನೆಯನ್ನು ಎಲ್ಲಿಯವರೆಗೆ ಹಿಡಿದು ನಡೆಯುತ್ತದೆ, ಎಲ್ಲಿ ಕೈಬಿಡುತ್ತದೆ, ಅದರಲ್ಲಿ ಹಣದ ಕೊರತೆಯ ಪಾಲೆಷ್ಟು ಎಂಬುದನ್ನು ತಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ಕಥೆಯನ್ನು ಮೊದಲು ಚುಟುಕಾಗಿ ಹೇಳುತ್ತೇನೆ. 1946ರ ಸೆಪ್ಟೆಂಬರಿನ ಕಾರ್ಮಿಕ ದಿನದ ರಜೆಯಲ್ಲಿ, ಸರೋವರದ ನಡುವಿನ ದ್ವೀಪವೊಂದರ ಶ್ರೀಮಂತರ ಬಂಗಲೆಯಲ್ಲಿ ಔತಣ ನಡೆಯುತ್ತಿರುತ್ತದೆ. ಆ ಮನೆಯ ಮಗಳು ಇಡಾ ಪಾರ್ಸನ್ಸ್ ಮೇಲೆ ಕುಡಿದ ಅತಿಥಿಯೊಬ್ಬ ಅತ್ಯಾಚಾರ ಎಸಗುತ್ತಾನೆ. ಅವಳ ಸಾಕುನಾಯಿಗಳು ಅವನ ಮೇಲೆರಗಿ ಕಚ್ಚಿ ಕೊಲ್ಲುತ್ತವೆ. ಅಲ್ಲಿಂದ ಚಿತ್ರ ಒಂದೇ ನೆಗೆತಕ್ಕೆ ವರ್ತಮಾನಕ್ಕೆ ಬರುತ್ತದೆ. ಎರಿಕ್ ಮತ್ತು ನಿಕ್ ಎಂಬ ಅಣ್ಣತಮ್ಮಂದಿರು, ಅವರ ತಂಗಿ ಕಾರ್ಲಾ, ಹುಡುಗರ ಗೆಳತಿಯರಾದ ಸ್ಯಾಂಡಿ ಮತ್ತು ಡೋನಾ ತಂದೆಯ ವಿಹಾರನೌಕೆಯಲ್ಲಿ ಹೊರಟಿರುತ್ತಾರೆ. ಮಂಜು ಮುಸುಕಿದ ಸರೋವರದಲ್ಲಿ ದೋಣಿ ಕೆಟ್ಟು ನಿಂತಿದ್ದ ಬರ್ಟ್ ಎಂಬಾತನನ್ನು ಹತ್ತಿಸಿಕೊಳ್ಳುತ್ತಾರೆ. ಹತ್ತಿರದಲ್ಲಿ ‘ನಾಯಿ ದ್ವೀಪ’ ಎಂಬುದೊಂದಿದೆ, ಅಲ್ಲಿ ಮುದುಕಿಯೊಬ್ಬಳು ತನ್ನ ನಾಯಿಗಳೊಂದಿಗೆ ಒಂಟಿಯಾಗಿ ಇರುತ್ತಾಳೆ ಎಂದು ಅವನೇ ತಿಳಿಸುವುದು. ರಾತ್ರಿ ನೌಕೆ ಅಪಘಾತಕ್ಕೀಡಾಗಿ ಬೆಂಕಿ ಹತ್ತಿ ಮುಳುಗುತ್ತದೆ; ಎಲ್ಲರೂ ಈಜಿ ಅದೇ ದ್ವೀಪದ ದಡ ಸೇರುತ್ತಾರೆ. ಇಡಾ ಅಷ್ಟರಲ್ಲಿ ಸತ್ತಿರುತ್ತಾಳೆ. ಅವಳು ಲೋಕಕ್ಕೆ ತೋರಿಸದೆ ಬೆಳೆಸಿದ, ಮುಖ ಮೈ ವಿಕಾರವಾಗಿ ಬೆಳೆದ, ದೈತ್ಯಾಕಾರದ ಮಗ ಮಾತ್ರ ಬದುಕಿರುತ್ತಾನೆ.

ಇಂಥ ಚಿತ್ರ ಆ ದೇಶದಲ್ಲಿ, ಆ ವರ್ಷಗಳಲ್ಲಿ ಯಾಕೆ ಹುಟ್ಟಿತು ಎಂಬುದಕ್ಕೆ ಉತ್ತರ ಕಲೆಯ ಚರಿತ್ರೆಯಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಆದಾಯ ತೆರಿಗೆಯ ನಿಯಮಗಳಲ್ಲಿ ಸಿಗುತ್ತದೆ. 1970ರ ದಶಕದ ನಡುವಿನಲ್ಲಿ ಕೆನಡಾ ಸರ್ಕಾರ, ಸ್ವದೇಶಿ ಎಂದು ಪ್ರಮಾಣೀಕರಿಸಲ್ಪಟ್ಟ ಚಲನಚಿತ್ರದಲ್ಲಿ ಹೂಡಿದ ಹಣವನ್ನು ಪೂರ್ತಿಯಾಗಿ, ಅಂದರೆ ನೂರಕ್ಕೆ ನೂರರಷ್ಟು, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅವಕಾಶ ಕೊಟ್ಟಿತು. ಅದಕ್ಕೆ ಮುಂಚೆ ಈ ಪ್ರಮಾಣ ಶೇ. 60ರಷ್ಟಿತ್ತು. ಇದರಿಂದ ಸಿನಿಮಾದ ಗಂಧಗಾಳಿ ಇಲ್ಲದ ವೈದ್ಯರು, ವಕೀಲರು ಸಹ ಹಣ ಹೂಡಲು ಮುಂದೆ ಬಂದರು. ಚಿತ್ರ ಓಡಿದರೆ ಲಾಭ, ಓಡದಿದ್ದರೂ ತೆರಿಗೆಯ ಉಳಿತಾಯ. ಸಬ್ಸಿಡಿಗೋಸ್ಕರ ತೆಗೆದ ಸಿನಿಮಾ ಎಂಬ ಮೂದಲಿಕೆ ಕನ್ನಡದಲ್ಲಿ ನಮಗೆ ಹೊಸದಲ್ಲವಾದ್ದರಿಂದ ಅಲ್ಲಿನ ಜಗಳವೂ ತಮಗೆ ಅರ್ಥವಾದೀತು. ಕೆನಡಾದ ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್ ಅವರ 1975ರ ‘ಶಿವರ್ಸ್’ ಚಿತ್ರದ ಬಗ್ಗೆ ರಾಬರ್ಟ್ ಫುಲ್‌ಫೋರ್ಡ್ ಎಂಬ ಪತ್ರಕರ್ತರು ಬೇರೆ ಹೆಸರಿನಲ್ಲಿ ಬರೆದ ಲೇಖನವು, ಈ ಚಿತ್ರ ಎಷ್ಟು ಕೆಟ್ಟದ್ದು ಎಂಬುದು ನಿಮಗೆ ಗೊತ್ತಿರಬೇಕು, ಇದಕ್ಕೆ ದುಡ್ಡು ಕೊಟ್ಟವರು ನೀವೇ ತಾನೆ ಎಂಬ ಅರ್ಥದ ಶೀರ್ಷಿಕೆಯನ್ನೇ ಹೊತ್ತಿತ್ತು. ಆದರೂ ಆ ಹಣದ ಹರಿವಿನಲ್ಲೇ 1980ರ ‘ಪ್ರಾಮ್ ನೈಟ್’ ಬಂತು, ನೋವಾ ಸ್ಕೋಶಿಯಾದ ನಿಜವಾದ ಗಣಿಯಲ್ಲಿ ಚಿತ್ರಿಸಿದ 1981ರ ‘ಮೈ ಬ್ಲಡಿ ವ್ಯಾಲೆಂಟೈನ್’ ಬಂತು. ‘ಪ್ರಾಮ್ ನೈಟ್’ ನಿರ್ದೇಶಿಸಿದವರು ಲಿಂಚ್, ಚಿತ್ರಕಥೆ ಬರೆದವರು ವಿಲಿಯಂ ಗ್ರೇ. ಅದು ಗೆದ್ದ ಮೇಲೆ ಅದೇ ಜೋಡಿ ‘ಹ್ಯೂಮಂಗಸ್’ ಚಿತ್ರಕ್ಕೆ ಕೈಹಾಕಿತು.

ದ್ವೀಪವನ್ನೇ ಏಕೆ ಆರಿಸಿಕೊಂಡರು ಎಂದರೆ, ದ್ವೀಪ ಅಗ್ಗ. ಜಾನ್ ಕಾರ್ಪೆಂಟರ್ 1978ರ ‘ಹ್ಯಾಲೋವೀನ್’ ಚಿತ್ರವನ್ನು ಸುಮಾರು 3 ಲಕ್ಷ ಡಾಲರಿನಲ್ಲಿ ಮುಗಿಸಿ ಕೋಟಿಗಟ್ಟಲೆ ಗಳಿಕೆಗೆ ದಾರಿ ತೋರಿದ್ದರು. ಎರಡು ವರ್ಷದ ಬಳಿಕ ‘ಫ್ರೈಡೇ ದಿ ಥರ್ಟೀನ್ತ್’ ಸುಮಾರು ಐದೂವರೆ ಲಕ್ಷ ಡಾಲರಿನಲ್ಲಿ, ನ್ಯೂಜೆರ್ಸಿಯ ಬೇಸಿಗೆ ಶಿಬಿರವೊಂದರಲ್ಲಿ, ಅದೇ ಲೆಕ್ಕಾಚಾರವನ್ನು ಮತ್ತೆ ಸಾಧಿಸಿತ್ತು. ಊರಿನಿಂದ ದೂರವಾದ ಒಂದೇ ಜಾಗ ಸಿಕ್ಕರೆ ಬೀದಿಯಲ್ಲಿ ಜನರನ್ನು ತಡೆಯಬೇಕಾಗಿಲ್ಲ, ಸಂಚಾರ ನಿಲ್ಲಿಸಬೇಕಾಗಿಲ್ಲ, ಹಿನ್ನೆಲೆಯಲ್ಲಿ ಓಡಾಡಲು ಸಹಕಲಾವಿದರು ಬೇಕಾಗಿಲ್ಲ. ಹೊಸಮುಖಗಳಿಗೆ ಕೊಡಬೇಕಾದ ಸಂಭಾವನೆ ಕಡಿಮೆ. ಅವರೂ ಅರ್ಧದಾರಿಯಲ್ಲಿ ಒಬ್ಬೊಬ್ಬರಾಗಿ ಸತ್ತು ಕೆಲಸ ಮುಗಿಸುತ್ತಾರೆ. ಶಿಬಿರಕ್ಕಿಂತ ದ್ವೀಪದಲ್ಲಿ ಇನ್ನೊಂದು ಅನುಕೂಲವಿದೆ. ಇವರೇಕೆ ಓಡಿಹೋಗಲಿಲ್ಲ, ಪೊಲೀಸರನ್ನೇಕೆ ಕರೆಯಲಿಲ್ಲ ಎಂದು ಪ್ರೇಕ್ಷಕ ಕೇಳುವ ಪ್ರಶ್ನೆಗೆ ಸುತ್ತಲಿನ ನೀರೇ ಉತ್ತರ ಕೊಡುವುದರಿಂದ ಚಿತ್ರಕಥೆಗಾರನ ಹತ್ತು ಪುಟ ಉಳಿಯುತ್ತದೆ. ಈ ಚಿತ್ರ ತೆಗೆದ ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಸರೋವರಗಳಿಗೂ, ಅವುಗಳ ನಡುವಿನ ಹಳೆಯ ಬೇಸಿಗೆ ಬಂಗಲೆಗಳಿಗೂ ಬರವಿಲ್ಲ.

ಕೊಲೆಯ ಕಥೆಯಲ್ಲಿ ದ್ವೀಪ ಬರುವುದು ಇದೇ ಮೊದಲೇನಲ್ಲ. ಅಗಾಥಾ ಕ್ರಿಸ್ಟಿಯವರ 1939ರ ಕಾದಂಬರಿಯಿಂದ ಹಿಡಿದು, ಅದರ ಜಾಡಿನಲ್ಲೇ ನಡೆದ 1965ರ ಹಿಂದಿ ಚಿತ್ರ ‘ಗುಮ್‌ನಾಮ್’, ಕನ್ನಡದಲ್ಲಿ ಕೆ.ಎಂ. ಚೈತನ್ಯ ನಿರ್ದೇಶಿಸಿದ 2015ರ ‘ಆಟಗಾರ’ದವರೆಗೆ ಒಂದು ಪರಂಪರೆಯೇ ಇದೆ. ಆದರೆ ಆ ಪರಂಪರೆಯಲ್ಲಿ ದ್ವೀಪವೆಂದರೆ ನ್ಯಾಯಾಲಯ. ಯಾರೋ ಲೆಕ್ಕ ಹಾಕಿ ಕರೆಸಿರುತ್ತಾರೆ, ಬಂದವರ ಹಿಂದೆ ಒಂದೊಂದು ಪಾಪ ಇರುತ್ತದೆ, ಪ್ರತಿ ಸಾವೂ ಒಂದು ತೀರ್ಪಾಗಿರುತ್ತದೆ. ‘ಹ್ಯೂಮಂಗಸ್’ ದ್ವೀಪಕ್ಕೆ ಯಾರನ್ನೂ ಯಾರೂ ಕರೆದಿಲ್ಲ. ಎರಿಕ್, ನಿಕ್ ಮುಂತಾದವರಿಗೆ 1946ರ ಪಾಪದೊಂದಿಗೆ ಯಾವ ನಂಟೂ ಇಲ್ಲ. ಕೊಲೆಗಾರನಿಗೆ ಅವರ ಮೇಲೆ ಹಗೆಯೂ ಇಲ್ಲ. ಹಳೆಯ ಸಾವಿಗೆ ಸೇಡು ಎಂಬ ಸೂತ್ರದ ಮೇಲೆಯೇ ನಿಂತಿದ್ದ ‘ಪ್ರಾಮ್ ನೈಟ್’ ಚಿತ್ರವನ್ನು ಮಾಡಿದವರೇ ಮುಂದಿನ ಸ್ಲ್ಯಾಶರ್‌ನಲ್ಲಿ ಸೇಡನ್ನು ಕೈಬಿಟ್ಟರು ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ತೋರುತ್ತದೆ.

ಸೇಡಿನ ಜಾಗದಲ್ಲಿ ಇಲ್ಲಿರುವುದು ಹಸಿವು. ಇದು ಗೊತ್ತಾಗುವುದು ಹುಡುಗರು ಇಡಾಳ ಮನೆಯನ್ನು ಹೊಕ್ಕು ಒಂದೊಂದೇ ಕೋಣೆಯನ್ನು ನೋಡುತ್ತ ಹೋಗುವ ಭಾಗದಲ್ಲಿ. ಇಡೀ ಚಿತ್ರದಲ್ಲಿ ನಾನು ಮೆಚ್ಚುವ ಭಾಗ ಅದೊಂದೇ ಎಂದರೂ ತಪ್ಪಾಗದು. ಎಲ್ಲೆಲ್ಲೂ ಧೂಳು ಹಿಡಿದಿದೆ. ದ್ವೀಪಕ್ಕೆ ಹೆಸರು ತಂದ ನಾಯಿಗಳು ಬೊಗಳುವುದಿಲ್ಲ, ಯಾಕೆಂದರೆ ಉಳಿದಿರುವುದು ಅವುಗಳ ಎಲುಬುಗಳು ಮಾತ್ರ. ಮಗುವಿಗೆಂದು ಸಜ್ಜುಗೊಳಿಸಿದ ಕೋಣೆ ಇದೆ, ಆಟಿಕೆಗಳಿವೆ. 1946ರ ಘಟನೆಯಿಂದ ಹುಟ್ಟಿದ ಆ ಮಗುವಿಗೆ ಈಗ ಮೂವತ್ತೈದರ ಆಸುಪಾಸಿನ ವಯಸ್ಸು ಎಂಬ ಲೆಕ್ಕವನ್ನು ನೋಡುವವರೇ ಹಾಕಿಕೊಳ್ಳಬೇಕು. ಇಡಾಳ ದಿನಚರಿ ಸಿಗುತ್ತದೆ. ಒಣಗಿ ಹೋದ ಅವಳ ದೇಹವೂ ಸಿಗುತ್ತದೆ. ಇವುಗಳನ್ನೆಲ್ಲ ಜೋಡಿಸಿದಾಗ ತಿಳಿಯುವುದಿಷ್ಟು: ದಡದಿಂದ ದಿನಸಿ ತರುತ್ತಿದ್ದವಳು ತಾಯಿ, ಅವಳು ಸತ್ತ ಮೇಲೆ ಮಗನಿಗೆ ಅನ್ನವಿಲ್ಲ, ದೋಣಿ ನಡೆಸಿ ಆಚೆ ದಡಕ್ಕೆ ಹೋಗಬೇಕೆಂಬ ತಿಳಿವಳಿಕೆಯೂ ಅವನಿಗಿಲ್ಲ, ಆದ್ದರಿಂದ ಮನೆಯ ನಾಯಿಗಳನ್ನೇ ತಿಂದು ಮುಗಿಸಿದ್ದಾನೆ. ದಡಕ್ಕೆ ಬಂದು ಬಿದ್ದ ಹುಡುಗರು ಅವನ ಪಾಲಿಗೆ ಮುಂದಿನ ಊಟ.

ಇದೇ ಬೆಳಕಿನಲ್ಲಿ ಇನ್ನೊಂದು ದೃಶ್ಯವನ್ನು ನೋಡಬೇಕು. ಗಾಯಗೊಂಡು ಚಳಿಗೆ ನಡುಗುತ್ತಿರುವ ಬರ್ಟ್‌ಗೆ ಡೋನಾ ಪೊದೆಗಳಿಂದ ಬೆರಿಹಣ್ಣು ಕಿತ್ತು, ಬೇರೇನೂ ಸಿಗದೆ ತನ್ನ ಒಳಉಡುಪಿನಲ್ಲೇ ತುಂಬಿಕೊಂಡು ತಂದು ತಿನ್ನಿಸುತ್ತಾಳೆ, ಮೈಯ ಬಿಸಿಯಿಂದ ಅವನನ್ನು ಬೆಚ್ಚಗಿಡಲು ನೋಡುತ್ತಾಳೆ. ಈ ಬಗೆಯ ಚಿತ್ರಗಳ ಅಭಿಮಾನಿಗಳಲ್ಲಿ ಇದು ನಗೆಪಾಟಲಿನ ದೃಶ್ಯವೆಂದೇ ಹೆಸರಾಗಿದೆ; ನಟಿಯ ಮೈ ತೋರಿಸಲು ಹುಡುಕಿದ ನೆಪ ಎಂಬ ಆರೋಪದಲ್ಲಿಯೂ ಹುರುಳಿದೆ. ಆದರೂ ಆ ದ್ವೀಪದಲ್ಲಿ ಕಾಲಿಟ್ಟು ಒಂದು ದಿನವಾಗುವಷ್ಟರಲ್ಲಿ ಇವರೂ ಏನು ತಿನ್ನುವುದು ಎಂದು ಪೊದೆ ಹುಡುಕುವ ಸ್ಥಿತಿಗೆ ಬಂದಿದ್ದಾರೆ ಎಂಬ ಸಂಗತಿಯನ್ನು ಚಿತ್ರ ಗೊತ್ತಿದ್ದೋ ಗೊತ್ತಿಲ್ಲದೆಯೋ ದಾಖಲಿಸಿದೆ. ಕೊಲೆಗಾರನಿಗೂ ಇವರಿಗೂ ಇರುವ ದೂರ ಕೆಲವು ತಿಂಗಳುಗಳದ್ದು ಮಾತ್ರ.

ಎರಡು ವರ್ಷ ಮುಂಚೆ, ಇಟಲಿಯ ಜೋ ಡಿ’ಅಮಾಟೊ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ನಿರ್ದೇಶಕರು ಗ್ರೀಸಿನ ದ್ವೀಪವೊಂದರಲ್ಲಿ ನಡೆಯುವ ‘ಆಂಥ್ರೊಪೊಫೇಗಸ್’ ಚಿತ್ರದಲ್ಲಿ ಹೀಗೆಯೇ ಒಬ್ಬ ನರಭಕ್ಷಕನನ್ನು ತಂದಿದ್ದರು. ಅವನು ಹಡಗು ಒಡೆದು ಹೆಂಡತಿ ಮಗುವಿನೊಂದಿಗೆ ಸಮುದ್ರದ ಪಾಲಾದವನು. ಹಸಿವೆಯಲ್ಲಿ ತನ್ನವರನ್ನೇ ತಿಂದು ಹುಚ್ಚನಾದವನು. ಒಂದು ಇನ್ನೊಂದರಿಂದ ಎತ್ತಿಕೊಂಡಿತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಡಿ’ಅಮಾಟೊ ರಕ್ತ ಕರುಳುಗಳನ್ನು ಕ್ಯಾಮೆರಾದ ಮೂಗಿನಡಿಗೆ ತಂದು ನಿಲ್ಲಿಸುತ್ತಾರೆ. ಲಿಂಚ್ ಏನನ್ನೂ ತೋರಿಸುವುದಿಲ್ಲ.

ತೋರಿಸದಿರುವುದು ಸಂಯಮವೋ ಅಸಹಾಯಕತೆಯೋ ಎಂಬುದು ಈ ಚಿತ್ರದ ಬಗ್ಗೆ ಮೊದಲಿನಿಂದಲೂ ನಡೆದಿರುವ ವಾದ. ಚಿತ್ರ ವಿಪರೀತ ಕತ್ತಲು. ಆ ವರ್ಷಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ 35 ಎಂಎಂ ಕಲರ್ ನೆಗೆಟಿವ್‌ನ ವೇಗ, ಅಂದರೆ ಬೆಳಕನ್ನು ಹಿಡಿಯುವ ಶಕ್ತಿ, 100 ಎಎಸ್‌ಎ ಆಸುಪಾಸಿನಷ್ಟು ಕಡಿಮೆಯಾಗಿದ್ದು, ರಾತ್ರಿ ಕಾಡಿನಲ್ಲಿ ಮರಗಳ ಆಳ ಕಾಣಿಸಬೇಕಾದರೆ ಭಾರಿ ದೀಪಗಳು, ಅವುಗಳನ್ನು ಎತ್ತರದಲ್ಲಿ ನಿಲ್ಲಿಸುವ ಕ್ರೇನು, ಜನರೇಟರು ಎಲ್ಲವೂ ಬೇಕಾಗುತ್ತಿದ್ದವು. ‘ಹ್ಯಾಲೋವೀನ್’ ಛಾಯಾಗ್ರಾಹಕ ಡೀನ್ ಕಂಡೀ ಇದ್ದ ಕೆಲವೇ ದೀಪಗಳನ್ನು ಊರಿನ ಮನೆಗಳ ಗೋಡೆಗಳಿಗೂ ಬಾಗಿಲುಗಳಿಗೂ ಹಾಯಿಸಿ, ನೀಲಿ ಬೆಳಕಿನಲ್ಲಿ ಮುಖವಾಡವನ್ನು ತೇಲಿಸಿ ಪಾರಾದರು. ಕಾಡಿಗೆ ಗೋಡೆಗಳಿಲ್ಲ, ಬೆಳಕನ್ನು ಅದು ನುಂಗಿಬಿಡುತ್ತದೆ. ಮೊದಲೇ ಮಬ್ಬಾಗಿದ್ದ ಚಿತ್ರ ವಿಡಿಯೊ ಕ್ಯಾಸೆಟ್ಟಿಗೆ ಇಳಿದಾಗ ಎಷ್ಟೋ ಭಾಗಗಳಲ್ಲಿ ಶಬ್ದ ಮಾತ್ರ ಉಳಿಯಿತು. ಹೆಚ್ಚಿನವರು ಇದನ್ನು ನೋಡಿದ್ದು, ಬೈದದ್ದು ಆ ರೂಪದಲ್ಲಿ.

ನನ್ನ ಅಭಿಪ್ರಾಯ ಎರಡೂ ಕಡೆಗೆ ಅರ್ಧರ್ಧ ಸಲ್ಲುತ್ತದೆ. ರಾಕ್ಷಸನ ಪ್ರಸಾಧನವನ್ನು ಧಾರಾಳವಾಗಿ ತೋರಿಸುವಷ್ಟು ಧೈರ್ಯವೋ ದುಡ್ಡೋ ಇಲ್ಲದ ಕಾರಣ, ಅವನ ಕಥೆ ಹೇಳುವ ಹೊರೆ ಎಲುಬು, ಆಟಿಕೆ, ದಿನಚರಿಗಳಂಥ ವಸ್ತುಗಳ ಮೇಲೆ ಬಿತ್ತು. ಮನೆಯ ಭಾಗ ಚೆನ್ನಾಗಿ ಬಂದಿರುವುದಕ್ಕೆ ಆ ಬಡತನವೇ ಕಾರಣ. ಆದರೆ ಅದೇ ಬಡತನ ಕೊನೆಯ ಅರ್ಧ ಗಂಟೆಯನ್ನು ಕೆಡಿಸಿತು. ಅಷ್ಟು ಹೊತ್ತು ಆ ಮಗನ ಬಗ್ಗೆ ನಮ್ಮಲ್ಲಿ ಮೂಡಿದ ಕನಿಕರಕ್ಕೆ ಒಂದು ಮುಖ ಬೇಕಾಗಿತ್ತು, ಎರಡು ಕಣ್ಣುಗಳು ಬೇಕಾಗಿದ್ದವು. ನಮಗೆ ಸಿಗುವುದು ಒಂದು ಆಕೃತಿ, ಒಂದು ಗರ್ಜನೆ.

ಸ್ಯಾಂಡಿಯ ಪಾತ್ರವನ್ನು ಮಾಡಿದ ಜ್ಯಾನೆಟ್ ಜೂಲಿಯನ್ ಕೊನೆಗೆ ಇಡಾಳ ವೇಷ ತೊಟ್ಟು, ಅವಳಂತೆಯೇ ಗದರಿಸಿ ಅವನನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತಾಳೆ. ತಾಯಿಯ ಬಟ್ಟೆಯ ಈ ಉಪಾಯ 1981ರ ‘ಫ್ರೈಡೇ ದಿ ಥರ್ಟೀನ್ತ್’ ಎರಡನೆಯ ಭಾಗದಲ್ಲಿ ಬಂದುಹೋಗಿತ್ತು. ಎಲ್ಲರೂ ಸತ್ತ ಮೇಲೆ ಕೊಲೆಗಾರನಿಗೆ ಎದುರು ನಿಲ್ಲುವ ಹುಡುಗಿಯನ್ನು ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ತಮ್ಮ ಪ್ರಬಂಧದಲ್ಲಿ ‘ಫೈನಲ್ ಗರ್ಲ್’ ಎಂದು ಕರೆದು, ಹದಿಹರೆಯದ ಗಂಡು ಪ್ರೇಕ್ಷಕನೂ ಅವಳ ಕಣ್ಣಿನಿಂದಲೇ ಚಿತ್ರವನ್ನು ನೋಡುತ್ತಾನೆ ಎಂದು ವಾದಿಸಿದರು. ಆ ವಾದ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಬಹುದಾಗಿತ್ತು. ಇಡಾಳಂತೆ ಉಟ್ಟು ನಿಂತ ಸ್ಯಾಂಡಿ, 1946ರಲ್ಲಿ ಅದೇ ನೆಲದ ಮೇಲೆ ಹಿಂಸೆಗೆ ಒಳಗಾದ ಇನ್ನೊಬ್ಬ ಹುಡುಗಿಯ ಜಾಗದಲ್ಲಿ ನಿಂತಿದ್ದಾಳೆ. ಎದುರಿಗಿರುವವನು ಆ ಹಿಂಸೆಯಿಂದ ಹುಟ್ಟಿದ, ಅದಕ್ಕೆ ತಾನು ಕಾರಣನಲ್ಲದ ಮಗ. ತಾಯಿ ಮತ್ತೆ ಬಂದಳೆಂದು ಅವನು ನಂಬುವ ಆ ಕ್ಷಣದಲ್ಲಿ ಚಿತ್ರ ಸ್ವಲ್ಪ ತಡೆದು ನಿಂತಿದ್ದರೆ ಸಾಕಿತ್ತು. ನಿರ್ದೇಶಕರಿಗೆ ಅಷ್ಟು ಸಹನೆ ಇಲ್ಲ. ಬೆಂಕಿ, ಓಟ, ಕೊನೆಯ ಇರಿತ ಎಂದು ಪಟ್ಟಿಯಲ್ಲಿದ್ದದ್ದನ್ನೆಲ್ಲ ಮುಗಿಸಿಕೊಂಡು ಹೋಗುತ್ತಾರೆ. ಆರಂಭದ ಅತ್ಯಾಚಾರದ ದೃಶ್ಯವೂ ಎರಡು ಪ್ರತಿಗಳಲ್ಲಿ ಎರಡು ಬಗೆಯಾಗಿದೆ: ಅಮೆರಿಕದ ಪ್ರಮಾಣಪತ್ರಕ್ಕಾಗಿ ಕತ್ತರಿಸಿದ ಪ್ರತಿಯಲ್ಲಿ ಕಡಿಮೆ, ಕತ್ತರಿಸದ ಪ್ರತಿಯಲ್ಲಿ ಹೆಚ್ಚು. ಕತ್ತರಿಸಿದ್ದರಿಂದ ಕಥೆಗೆ ನಷ್ಟವೇನೂ ಆಗಿಲ್ಲವೆಂದೇ ನಾನು ತಿಳಿಯುತ್ತೇನೆ.

ಪಾತ್ರವರ್ಗದ ಪಟ್ಟಿಯಲ್ಲಿ ಆ ಮಗನಿಗೆ ಸ್ವಂತ ಹೆಸರಿಲ್ಲ, ‘ಇಡಾಳ ಮಗ’ ಎಂದಷ್ಟೇ ಇದೆ. ಆ ಪಾತ್ರ ವಹಿಸಿದ ಗ್ಯಾರಿ ರಾಬಿನ್ಸ್ ಕೆನಡಾದ ಕುಸ್ತಿಪಟು, ಆಜಾನುಬಾಹು. ಇಪ್ಪತ್ತು ವರ್ಷಗಳ ನಂತರ, 2003ರ ‘ರಾಂಗ್ ಟರ್ನ್’ ಚಿತ್ರದಲ್ಲಿ ಅವರೇ ಮತ್ತೆ ಕಾಡಿನ ವಿಕಾರರೂಪಿ ನರಭಕ್ಷಕನಾಗಿ ಬಂದರು. ಆಗಲೂ ಚಿತ್ರೀಕರಣ ಆಂಟೇರಿಯೊದಲ್ಲೇ, ಅದನ್ನು ಅಮೆರಿಕದ ಪಶ್ಚಿಮ ವರ್ಜೀನಿಯಾ ಎಂದು ತೋರಿಸಲಾಯಿತು. ಈ ಬಾರಿ ಪ್ರಸಾಧನ ಹಾಲಿವುಡ್ಡಿನ ಹೆಸರಾಂತ ಸ್ಟ್ಯಾನ್ ವಿನ್‌ಸ್ಟನ್ ಅವರದು, ಬೆಳಕಿಗೂ ಕೊರತೆಯಿರಲಿಲ್ಲ. ಮುಖ ಸ್ಪಷ್ಟವಾಗಿಯೇ ಕಾಣುತ್ತದೆ. ಅದರ ಹಿಂದೆ ತಾಯಿಯೊಬ್ಬಳ ದಿನಚರಿಯಾಗಲಿ, ಮಗುವಿನ ಕೋಣೆಯಾಗಲಿ, ದಿನಸಿ ಮುಗಿದ ಮನೆಯಾಗಲಿ ಆ ಚಿತ್ರಕ್ಕೆ ಬೇಕಾಗಿಲ್ಲ.