ದುಡ್ಡಿಲ್ಲ ಅಂತಲೇ ಅಲ್ವಾ ವಕೀಲರನ್ನು ಕೊಟ್ಟಿದ್ದು?

ನಮಸ್ಕಾರ, ಕಲಬುರಗಿಯಿಂದ. ಇವತ್ತು ತೊಗರಿ ದರದ ಬಗ್ಗೆ ಮಾತಾಡಬೇಕಿತ್ತು. ಅದು ನಾಳೆಗಿರಲಿ. ಹೋದ ವಿಡಿಯೋ ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ: "ಅಮೆರಿಕದಲ್ಲಿ ಶಿಕ್ಷೆ ಆದವನ ಹತ್ರಾನೇ ಸರ್ಕಾರಿ ವಕೀಲರ ಫೀಸು ವಸೂಲಿ ಮಾಡ್ತಾರೆ. ಇಲ್ಲೂ ಮಾಡಬೇಕು. ನಮ್ಮ ತೆರಿಗೆ ದುಡ್ಡು ಯಾಕೆ?" ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಅಣ್ಣಾ, ಸರ್ಕಾರಿ ವಕೀಲರು ಅಂದರೆ ಆರೋಪಿಯ ವಿರುದ್ಧ ವಾದ ಮಾಡುವವರು. ನೀವು ಹೇಳುತ್ತಿರುವುದು ಕಾನೂನು ನೆರವಿನ ವಕೀಲರ ಬಗ್ಗೆ. ಅವರನ್ನು ಕೋರ್ಟು ಯಾಕೆ ಕೊಟ್ಟಿತು? ಅವನ ಹತ್ತಿರ ದುಡ್ಡಿಲ್ಲ ಅಂತ. ಹಾಗಿದ್ದ ಮೇಲೆ ಜೈಲಿಗೆ ಹೋದವನಿಗೆ ದುಡ್ಡು ಎಲ್ಲಿಂದ ಬಂತು?

ಅಮೆರಿಕ ಅಂದಿರಲ್ಲ, ಅಲ್ಲಿಯದೇ ಕೇಳಿ. ಗಿಡಿಯನ್ ಅಂತ ಒಬ್ಬ ಬಡವ. ಫ್ಲಾರಿಡಾದಲ್ಲಿ ಕಳ್ಳತನದ ಕೇಸು. ವಕೀಲರಿಲ್ಲದೆ ವಿಚಾರಣೆ ಆಯಿತು, 5 ವರ್ಷ ಶಿಕ್ಷೆ ಬಿತ್ತು. ಜೈಲಿನಿಂದಲೇ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಇಂಥವರಿಗೆ ವಕೀಲರನ್ನು ಕೊಡಲೇಬೇಕು ಅಂತ 1963ರಲ್ಲಿ ತೀರ್ಪು ಬಂತು. ಮತ್ತೆ ವಿಚಾರಣೆ ಆಯಿತು, ಈ ಸಲ ವಕೀಲರಿದ್ದರು. ನಿರ್ದೋಷಿ ಅಂತ ಹೊರಗೆ ಬಂದ! ಅದೇ ದೇಶದ ಎಷ್ಟೋ ರಾಜ್ಯಗಳು ಈಗ ಶಿಕ್ಷೆ ಆದವರ ಕೈಗೆ ಬಿಲ್ಲು ಕೊಡುತ್ತವೆ. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಒಂದು ಕಾನೂನನ್ನು ಒಪ್ಪಿತು, ನಿಜ. ಆದರೆ ಆ ಕಾನೂನಿನಲ್ಲಿ ಕೊಡುವ ಶಕ್ತಿ ಇದ್ದವರಿಂದ ಮಾತ್ರ ವಸೂಲಿ ಅಂತ ಇತ್ತು. ಅಣ್ಣ ಬರೆದ ಕಾಮೆಂಟಿನಲ್ಲಿ ಆ ಸಾಲೇ ಇಲ್ಲ.

ಈಗ ನಮ್ಮ ಕಡೆ ಬನ್ನಿ. ಆಳಂದದ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುವ ಒಬ್ಬನನ್ನು ನೆನೆಸಿಕೊಳ್ಳಿ. ಜಗಳದ ಕೇಸಿನಲ್ಲಿ ಒಳಗೆ ಹೋದ. ಆ ದಿನದಿಂದಲೇ ಕೂಲಿ ನಿಂತಿತು. ಹೆಂಡತಿ ಆಡು ಮಾರಿ ಬಸ್ಸಿನ ಖರ್ಚು ಹೊಂದಿಸುತ್ತಾಳೆ. ಆಗ ಜಡ್ಜ್ ಕೇಳುತ್ತಾರೆ, ವಕೀಲರು ಬೇಕಾ ಅಂತ. ಕೊನೆಗೆ ಬಿಲ್ಲು ಬರುತ್ತದೆ ಅಂತ ಗೊತ್ತಾದರೆ ಅವನು ಏನು ಹೇಳುತ್ತಾನೆ? "ಬೇಡ ಸಾಹೇಬ್ರೆ, ತಪ್ಪು ಒಪ್ಪಿಕೊಂಡು ಬಿಡ್ತೀನಿ." ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ! ಬಿಲ್ಲು ಶಿಕ್ಷೆ ಆದ ಮೇಲೆ ಬರಬಹುದು. ಅದರ ಭಯ ಮೊದಲನೇ ದಿನವೇ ಬಂದು ಕೂರುತ್ತದೆ.

ಇದೆಲ್ಲ ಬೇಡ ಅಂತಲೇ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕು ಅನ್ನುವ 39ಎ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದು, 1976ರಲ್ಲಿ. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಬಡವ ಕೇಳಲಿಲ್ಲ ಅಂತ ಸುಮ್ನೆ ಇರಬೇಡಿ, ಉಚಿತ ವಕೀಲರು ಸಿಗುತ್ತಾರೆ ಅಂತ ನೀವೇ ಅವನಿಗೆ ಹೇಳಿ ಅಂತ ವಿಚಾರಣೆ ಮಾಡುವ ಜಡ್ಜುಗಳಿಗೆ ಹೇಳಿತು. ಹಾಗೆ ಹೇಳಿಲ್ಲ ಅಂತಲೇ ಆ ಕೇಸಿನ ಆರೋಪಿ ಸುಖ್ ದಾಸ್ ಅವರ ಶಿಕ್ಷೆಯನ್ನು ರದ್ದು ಮಾಡಿತು.

"ಬಂಧನದಲ್ಲಿರುವ ಎಲ್ಲರಿಗೂ ಆದಾಯ ನೋಡದೆ ಕೊಡ್ತಾರಲ್ಲ, ಶ್ರೀಮಂತರೂ ತಗೋತಾರಲ್ಲ" ಅಂತ ಇನ್ನೊಬ್ಬರ ವಾದ. ಯಾವ ಶ್ರೀಮಂತ ತಗೊಳ್ಳುತ್ತಾನೆ ಹೇಳಿ? ಅವನು ಬೆಂಗಳೂರಿನಿಂದ ಕಾರಿನಲ್ಲಿ ವಕೀಲರನ್ನು ಕರೆಸುತ್ತಾನೆ. ಇಲ್ಲಿ ಹೈಕೋರ್ಟ್ ಪೀಠದ ಹೊರಗೆ ಒಂದು ದಿನ ನಿಂತು ನೋಡಿ. "ತಪ್ಪು ಮಾಡಿದವನು ಕಟ್ಟಲಿ" ಅಂತೀರಿ. ಕಟ್ಟುತ್ತಿದ್ದಾನಲ್ಲ, ಜೈಲಿನಲ್ಲಿ ವರ್ಷಗಟ್ಟಲೆ! ಆ ದಿನಗಳಿಗೆ ಲೆಕ್ಕ ಇಲ್ವಾ? ದುಡ್ಡಿಲ್ಲ ಅಂತಲೇ ವಕೀಲರನ್ನು ಕೊಟ್ಟಿದ್ದು. ಎಲ್ಲಿಂದ ತರಲಿ ಅವನು? ಎಲ್ಲಿಂದ?

15100. ಈ ನಂಬರ್ ಬರೆದುಕೊಳ್ಳಿ, ಕಾನೂನು ನೆರವಿನ ಸಹಾಯವಾಣಿ. ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ. ಈ ವಿಡಿಯೋವನ್ನು ಪುಣೆ, ಮುಂಬೈಗೆ ಕೆಲಸಕ್ಕೆ ಹೋದ ನಿಮ್ಮೂರಿನವರ ವಾಟ್ಸಾಪ್ ಗುಂಪಿಗೆ ಕಳಿಸಿ. ಆ ಅಣ್ಣ ಕೂಡ ನೋಡುತ್ತಿದ್ದರೆ ಒಂದೇ ಪ್ರಶ್ನೆಗೆ ಉತ್ತರ ಬರೆಯಲಿ: ಎಲ್ಲಿಂದ? ಅದನ್ನು ನಾನೇ ಮೇಲೆ ಪಿನ್ ಮಾಡುತ್ತೇನೆ.