ಮಿಲ್ ಕೂಗಿದ ಹೊತ್ತು

ಕೇಳುಗರಿಗೆ ನಮಸ್ಕಾರ.

ನಮ್ಮ ವಠಾರದಲ್ಲಿ ಇದ್ದದ್ದು ಒಂದೇ ಗೋಡೆ ಗಡಿಯಾರ, ಅದೂ ನಿಂತು ಎಷ್ಟೋ ವರ್ಷವಾಗಿತ್ತು. ಯಾರೂ ರಿಪೇರಿ ಮಾಡಿಸಲು ಹೋಗಲಿಲ್ಲ. ಬಿನ್ನಿ ಮಿಲ್ ಕೂಗಿತು ಅಂದರೆ ಅಜ್ಜಿ ಅನ್ನಕ್ಕೆ ಎಸರಿಡುತ್ತಿದ್ದರು, ಇನ್ನೊಮ್ಮೆ ಕೂಗಿದರೆ ನಾವು ಸ್ಕೂಲಿಗೆ ಓಡಬೇಕು. ಸೈರನ್ ಅನ್ನುವ ಮಾತೇ ನಮ್ಮ ಬಾಯಲ್ಲಿ ಇರಲಿಲ್ಲ. ಕೋಳಿ ಕೂಗುತ್ತೆ, ಮಿಲ್ಲೂ ಕೂಗುತ್ತೆ, ಅಷ್ಟೆ.

ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದನೆಯ ಹೆಸರಿನ ಕಂಪನಿ ಹುಟ್ಟಿದ್ದು 1884ರಲ್ಲಿ. ಸ್ವಲ್ಪ ಕಾಲಕ್ಕೇ ಅದು ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಜನಕ್ಕೆ ಮೊದಲ ಹೆಸರು ನಾಲಿಗೆಗೆ ಭಾರ, ಎರಡನೆಯದು ಹಗುರ. ಬಿನ್ನಿ ಮಿಲ್ ಆಯಿತು, ಅದರ ಸುತ್ತ ಬಿನ್ನಿಪೇಟೆ ಆಯಿತು. ಅತ್ತ ಮಲ್ಲೇಶ್ವರದ ಅಂಚಿನಲ್ಲಿ ಮಹಾರಾಜಾ ಮಿಲ್ ಇತ್ತು, ಜನರ ಬಾಯಲ್ಲಿ ಬರೀ ರಾಜಾ ಮಿಲ್. ಮಿಲ್‌ಗಳು ಈ ಕಡೆಯೇ ಬಂದದ್ದಕ್ಕೆ ರೈಲು ಕಾರಣ. ಹತ್ತಿ ಇಳಿಸಲು, ಬಟ್ಟೆ ಏರಿಸಲು ಸ್ಟೇಷನ್ ಪಕ್ಕದಲ್ಲೇ ಇರಬೇಕಲ್ಲ. ಮೊದಮೊದಲು ಬಾಯ್ಲರಿನ ಉಗಿಯಿಂದ ಯಂತ್ರ ತಿರುಗುತ್ತಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆಮೇಲೆ ಮಿಲ್‌ಗಳಿಗೂ ಬಂತು. ಬಿನ್ನಿಯಲ್ಲಿ ಕಂಬಳಿಯನ್ನೂ ಸಿಪಾಯಿಗಳ ಖಾಕಿಯನ್ನೂ ನೇಯುತ್ತಿದ್ದರು.

ಇನ್ನು ಮಿನರ್ವಾ ಮಿಲ್. ದಯವಿಟ್ಟು ಮಿನರ್ವಾ ಸರ್ಕಲ್ಲಿಗೆ ಹೋಗಿ ಹುಡುಕಬೇಡಿ. ಅದು ಟಾಕೀಸಿನ ಹೆಸರು. ಮಿಲ್ ಇದ್ದದ್ದು ಮಾಗಡಿ ರಸ್ತೆಯ ಕಡೆ. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು, 1974ರ ಕಾಯಿದೆಯಿಂದ ಅದು ರಾಷ್ಟ್ರೀಕರಣವಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ಹೆಸರಾಂತ ವಕೀಲ ಪಾಲ್ಕಿವಾಲಾ ಅವರ ಪರ ವಾದಿಸಿದರು. 1980ರಲ್ಲಿ ಬಂದ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಅಳಿಸುವ ಅಧಿಕಾರ ಪಾರ್ಲಿಮೆಂಟಿಗಿಲ್ಲ ಎಂದು ಗಟ್ಟಿಮಾಡಿ, 42ನೇ ತಿದ್ದುಪಡಿಯ ಎರಡು ಭಾಗಗಳನ್ನು ಹೊಡೆದುಹಾಕಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಈ ಮಿಲ್ಲಿನ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅಲ್ಲಿ ನೂಲು ತೆಗೆದವರ ಗೊಡವೆ ಪರೀಕ್ಷೆಗೆ ಬರುವುದಿಲ್ಲ.

ಆಮೇಲಿನ ಕತೆ ನಿಮಗೆ ಗೊತ್ತು. ಹಳೇ ಯಂತ್ರ, ಪವರ್‌ಲೂಮಿನ ಅಗ್ಗದ ಬಟ್ಟೆ, ಕೊನೆಗೆ ಬಟ್ಟೆಗಿಂತ ಮಿಲ್ ನಿಂತ ನೆಲಕ್ಕೇ ಹೆಚ್ಚು ಬೆಲೆ. ರಾಜಾ ಮಿಲ್ ಇದ್ದ ಕಡೆ ಈಗ ಮಾಲ್ ಇದೆ, ಬಿನ್ನಿಯ ಜಾಗದಲ್ಲಿ ಅಪಾರ್ಟ್‌ಮೆಂಟ್.

ನಮ್ಮ ವಠಾರದಲ್ಲಿ ಮಗ್ಗದ ಸಾಲಿನಲ್ಲಿ ದುಡಿದ ಮಾವ ಒಬ್ಬರಿದ್ದರು. ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ಹತ್ತಿಯ ಎಳೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಈಚೆಗೆ ಅವರನ್ನು ಕರೆದುಕೊಂಡು ಆ ಕಡೆ ಹೋಗಿದ್ದೆ. ಕಂಡಕ್ಟರ್ ಇನ್ನೂ ಬಿನ್ನಿ ಮಿಲ್, ಬಿನ್ನಿ ಮಿಲ್ ಎಂದೇ ಕೂಗಿದ. ಇಳಿದು ನೋಡಿದರೆ ಎತ್ತರದ ಗೇಟು. ಎಳೆ ವಯಸ್ಸಿನ ಸೆಕ್ಯೂರಿಟಿ ಹುಡುಗ ಅಡ್ಡ ಬಂದು ಮರ್ಯಾದೆಯಿಂದಲೇ ಕೇಳಿದ, "ಯಾವ ಬ್ಲಾಕ್ ಸರ್?"

ಮಾವ ಅವನ ತುಟಿಯನ್ನೇ ನೋಡಿ, ತಮ್ಮ ಎಂದಿನ ದನಿಯಲ್ಲಿ ಹೇಳಿದರು: "ವೀವಿಂಗ್!"