ಮುಂದಿನ ಸಾಲಿನ ಐದು ಜನ

ಕೇಳುಗರಿಗೆ ನಮಸ್ಕಾರ. ಇವತ್ತು ಅಮೆರಿಕನ್ ಫುಟ್‌ಬಾಲ್ ಬಗ್ಗೆ ನಾಲ್ಕು ಮಾತು. ನಮ್ಮ ಕಾಲ್ಚೆಂಡು ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುತ್ತಾರಲ್ಲ, ಅದು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಅವನ ಮುಂದೆ ನಿಂತು ಅವನನ್ನು ಕಾಯುವ ಐವರ ಹೆಸರು ಕೇಳಿ, ಬಹಳ ಜನ ತಡವರಿಸುತ್ತಾರೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಇದೇ ಅಫೆನ್ಸಿವ್ ಲೈನ್.

ಈ ಸಾಲಿನ ಬೆಲೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ 2021ರ ಫೆಬ್ರವರಿಯಲ್ಲಿ ಗೊತ್ತಾಯಿತು. ಸೂಪರ್ ಬೌಲ್ ಫೈನಲ್. ಎರಡೂ ತುದಿಯ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು. ಒಬ್ಬ ಗಾರ್ಡ್ ಅಂತೂ ವೈದ್ಯ, ಕೋವಿಡ್ ರೋಗಿಗಳ ಸೇವೆಗೆಂದು ಆ ಇಡೀ ಸೀಸನ್ನೇ ಬಿಟ್ಟಿದ್ದರು! ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಂಥ ಆಟಗಾರ, ಅಲ್ವಾ? ಅವತ್ತು ಪಂದ್ಯದುದ್ದಕ್ಕೂ ಜೀವ ಉಳಿಸಿಕೊಳ್ಳಲು ಓಡಿದಂತಿತ್ತು. ಎದುರಾಳಿ ಟ್ಯಾಂಪಾ ಬೇ 31, ಕ್ಯಾನ್ಸಸ್ ಸಿಟಿ ಬರೀ 9. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನ್ ಚೀಫ್ಸ್‌ಗೆ ಒಂದೂ ಬರಲಿಲ್ಲ.

ಆಮೇಲೆ ಚೀಫ್ಸ್‌ನವರು ತೇಪೆ ಹಾಕುತ್ತಾ ಕೂರಲಿಲ್ಲ, ಐದೂ ಜಾಗದಲ್ಲಿ ಹೊಸಬರನ್ನು ನಿಲ್ಲಿಸಿದರು. ಜೋ ಥೂನಿ ಎಂಬ ಗಾರ್ಡ್‌ಗೆ ಐದು ವರ್ಷಕ್ಕೆ 8 ಕೋಟಿ ಡಾಲರ್ ಒಪ್ಪಂದ. ಒರ್ಲಾಂಡೊ ಬ್ರೌನ್‌ರನ್ನು ಬೇರೆ ತಂಡದಿಂದ ತಂದರು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಸುತ್ತು ಸುತ್ತಾಗಿ ಹೊಸ ಹುಡುಗರನ್ನು ಆರಿಸುವಾಗ, ಅವರು ಆರಿಸಿಕೊಂಡ ಇಬ್ಬರು. ಸೆಂಟರ್ ಕ್ರೀಡ್ ಹಂಫ್ರಿ ಎರಡನೇ ಸುತ್ತಿನಲ್ಲಿ ಸಿಕ್ಕರೆ, ಗಾರ್ಡ್ ಟ್ರೇ ಸ್ಮಿತ್ ಆರನೇ ಸುತ್ತಿನಲ್ಲಿ. ಸ್ಮಿತ್‌ಗೆ ಹಿಂದೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಉಳಿದ ತಂಡದವರು ಹೆದರಿದರು.

ಸುಮ್ನೆ ದಪ್ಪ ಇದ್ದರೆ ಈ ಕೆಲಸ ಆಗುವುದಿಲ್ಲ. ನೂರನಲವತ್ತು ಕಿಲೋ ಮೈ ಹೊತ್ತುಕೊಂಡು ಹಿಂದಕ್ಕೆ ಹೆಜ್ಜೆ ಇಡಬೇಕು, ಎದುರಾಳಿಯ ಎದೆಗೆ ಕೈ ಕೊಡಬೇಕು, ಆದರೆ ಹಿಡಿದೆಳೆದರೆ ದಂಡವಾಗಿ ತಂಡ ಹತ್ತು ಗಜ ಹಿಂದೆ ಸರಿಯಬೇಕು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಎದುರಿನ ಇಬ್ಬರು ಓಡುತ್ತಾ ಓಡುತ್ತಾ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ, ಆಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಬಿಟ್ಟು, ಹೊಸದಾಗಿ ಬರುವವನನ್ನು ತಡೆಯಬೇಕು. ಮಾತಾಡಲು ಪುರುಸೊತ್ತಿಲ್ಲ. ಕಬಡ್ಡಿಯಲ್ಲಿ ಕೈಕೈ ಹಿಡಿದ ಜೋಡಿಗೆ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ತಿಳಿಯುತ್ತದಲ್ಲ, ಹಾಗೆ. ಅದು ಬರುವುದು ಜೊತೆಯಲ್ಲಿ ಆಡಿ ಆಡಿ. ಅದಕ್ಕೇ ಈ ಸಾಲನ್ನು ಪದೇಪದೇ ಕಲಕುವ ತಂಡ ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಳ್ಳೆ ಗುರುವೂ ಬೇಕು. ಫಿಲಡೆಲ್ಫಿಯಾ ಈಗಲ್ಸ್ 2018ರಲ್ಲಿ ಏಳನೇ ಸುತ್ತಿನಲ್ಲಿ ಜೋರ್ಡನ್ ಮೈಲಾಟಾರನ್ನು ಆರಿಸಿತು. ಅವರು ಆಸ್ಟ್ರೇಲಿಯಾದ ರಗ್ಬಿ ಹುಡುಗ, ಅಮೆರಿಕನ್ ಫುಟ್‌ಬಾಲನ್ನು ಒಂದು ಪಂದ್ಯವೂ ಆಡಿರಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವರನ್ನು ತಿದ್ದಿ ತೀಡಿ ಎಡ ಟ್ಯಾಕಲ್ ಮಾಡಿದರು.

2023ರ ಫೈನಲ್‌ನಲ್ಲಿ ಈ ಎರಡೂ ತಂಡ ಎದುರಾದವು. ಈಗಲ್ಸ್ ಆ ಸೀಸನ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಸಲ ಕೆಡವಿತ್ತು. ಆದರೆ ಅವತ್ತು ಮಹೋಮ್ಸ್‌ರನ್ನು ಒಂದು ಸಲವೂ ಕೆಡವಲಾಗಲಿಲ್ಲ. 38-35, ಕಪ್ ಕ್ಯಾನ್ಸಸ್ ಸಿಟಿಗೆ.

2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಜೋಡಿ. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ. ಈ ಸಲ ಚೀಫ್ಸ್ ಬಳಿ ಭರವಸೆಯ ಎಡ ಟ್ಯಾಕಲ್ ಇರಲಿಲ್ಲ, ಗಾರ್ಡ್ ಥೂನಿಯನ್ನೇ ತುದಿಗೆ ತಳ್ಳಿದ್ದರು. ಒಂದು ತೂತು ಮುಚ್ಚಲು ಹೋಗಿ ಎರಡಾಯಿತು. ಮಹೋಮ್ಸ್ ಆರು ಸಲ ನೆಲ ಕಂಡರು. ಫಿಲಡೆಲ್ಫಿಯಾ 40, ಕ್ಯಾನ್ಸಸ್ ಸಿಟಿ 22.

ಏಪ್ರಿಲ್‌ನಲ್ಲಿ ಡ್ರಾಫ್ಟ್ ಬಂತು. ಚೀಫ್ಸ್ ಮೊದಲ ಸುತ್ತಿನಲ್ಲಿ ಆರಿಸಿದ್ದು ಜಾಶ್ ಸಿಮನ್ಸ್ ಎಂಬ ಹುಡುಗನನ್ನು. ಎಡ ಟ್ಯಾಕಲ್.